ದಾರ ಕಟ್ಟಿದ ಚಿಮಟಾ

ನಾರಾಯಣಖೇಡ್,
೩ ಅಕ್ಟೋಬರ್ ೨೦೧೧, ಸೋಮವಾರ

ಪ್ರೀತಿಯ ಲಚ್ಚಮ್ಮಕ್ಕಾ, ಜಯಭೀಮ್.

ಮೊದಲು ಖರ್ಚು ಬರೆದುಬಿಡುತ್ತೇನೆ, ನಡುವೆ ನೀನು ಹುಡುಕುವುದು ಬೇಡ. ಒಂದು ಸೈಕಲ್ಲನ್ನು ತಾಂಡೂರಿಗೆ ಮುಟ್ಟಿಸುವ ವ್ಯವಹಾರದಲ್ಲಿ ಹೋದದ್ದು ಇಷ್ಟು: ನನ್ನ ಎಡಗಾಲಿನ ಚಪ್ಪಲಿ, ನೀನು ಅಂಚು ಹೊಲಿದುಕೊಟ್ಟಿದ್ದ ರೊಟ್ಟಿ ಕಟ್ಟುವ ಬಟ್ಟೆ, ನನ್ನ ಗಂಟಲು, ಪೇಂಟರ್ ನಾಮದೇವನ ಹಳೆಯ ಸ್ನೇಹ (ಅದರಲ್ಲಿ ಅರ್ಧ ವಾಪಸ್ಸು ಬಂದೀತು), ಮತ್ತು ಇಷ್ಟು ವರ್ಷ ಅಂಗಡಿಯಲ್ಲಿ ಕೂತು ನಾನು ಕೂಡಿಸಿಟ್ಟ ಧೈರ್ಯ, ಪೂರ್ತಿ. ಜೀವ ಯಾರದೂ ಹೋಗಿಲ್ಲ. ನಿನ್ನ ಮಗಳು ಗೌತಮಿ ಇಲ್ಲೇ ಹೊಸ್ತಿಲಲ್ಲಿ ಕೂತು ಒಂದು ಗಾಲಿಯ ತಾರು ಬಿಗಿಯುತ್ತಿದ್ದಾಳೆ, ಮೈಮೇಲೆ ಒಂದು ಗೀರಿಲ್ಲ. ಇಷ್ಟು ಓದಿ ಸಮಾಧಾನ ಮಾಡಿಕೊಂಡು ಉಳಿದದ್ದನ್ನು ಓದು. ಗಟ್ಟಿಯಾಗಿ ಓದಬೇಡ, ಬಾಣಂತಿ ಮಗಳು ಸ್ವರೂಪಾಳ ಕಿವಿಗೆ ಬಿದ್ದು ಗಾಬರಿ ಆದೀತು.

ಯೋಗಕ್ಷೇಮ ಕೇಳಿದ ಮೇಲೆ ಸುದ್ದಿ ಬರೆಯಬೇಕು ಎಂದು ಅಪ್ಪ ಕಲಿಸಿದ್ದು ಮರೆತಿಲ್ಲ. ನಿನ್ನ ಮೊಣಕಾಲು ಹೇಗಿದೆ? ಉದಗೀರಿನ ನೀರು ಹಿಡಿಸಿತೇ? ಸ್ವರೂಪಾ ಹೊಟ್ಟೆ ತುಂಬ ಉಣ್ಣುತ್ತಾಳೋ, ಅತ್ತೆಯ ಮನೆ ಎಂದು ನಾಚಿ ನಡುವೆ ಎದ್ದುಬಿಡುತ್ತಾಳೋ? ಕೂಸಿನ ಕಿವಿ ನಮ್ಮಪ್ಪನ ಕಿವಿಯ ಹಾಗೆ ಅಗಲ ಇವೆ ಎಂದು ನೀನು ಹೇಳಿದ್ದೆ. ಹಾಗಿದ್ದರೆ ಬೇಕಾದ್ದು ಮಾತ್ರ ಕೇಳಿಸಿಕೊಳ್ಳುತ್ತಾನೆ ಬಿಡು. ಬಸ್ಸು ನಿಂತದ್ದರಿಂದ ಬಾಣಂತಿ ತವರಿಗೆ ಬರುವ ಬದಲು ತವರೇ ಜೀಪು ಹತ್ತಿ ಬಾಣಂತಿಯ ಹತ್ತಿರ ಹೋಯಿತು ಎಂದು ಓಣಿಯಲ್ಲಿ ಎಲ್ಲರೂ ನಗುತ್ತಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮೊದಲ ಮಾತಿಗೇ ಬೈಯಲು ಶುರು ಮಾಡುತ್ತೀ, ಕೊನೆಯ ಮಾತು ನನ್ನ ಹತ್ತಿರವೇ ಉಳಿಯುತ್ತದೆ. ಕಾಗದದಲ್ಲಿ ಆ ತೊಂದರೆ ಇಲ್ಲ. ಬೀದರಿಗೆ ಹೋಗುವ ಜೀಪಿನವನ ಕೈಯಲ್ಲಿ ಕೊಡುತ್ತೇನೆ, ಅಲ್ಲಿ ಡಬ್ಬಿಗೆ ಹಾಕುತ್ತಾನೆ. ಅಕ್ಷರ ದಪ್ಪ ಇವೆ, ಒಂದು ಹಾಳೆಯಲ್ಲಿ ನಾಲ್ಕೇ ಮಾತು ಹಿಡಿಸಿವೆ ಎಂದು ನಗಬೇಡ. ಕರೆಂಟಿಲ್ಲ, ಕಂದೀಲಿನ ಬೆಳಕಿನಲ್ಲಿ ಬರೆಯುತ್ತಿದ್ದೇನೆ.

ಇಲ್ಲಿನ ಸ್ಥಿತಿ ನೀನು ಹೋದಾಗ ಇದ್ದ ಹಾಗೇ ಇದೆ, ತೆಲಂಗಾಣದ ಮುಷ್ಕರ ಮುಗಿದಿಲ್ಲ. ಬಸ್ಸು ಡಿಪೋ ಬಿಟ್ಟಿಲ್ಲ, ಶಾಲೆಗೆ ಬೀಗ, ಕಲ್ಲಿದ್ದಲು ತೆಗೆಯುವವರೂ ಕೈಕಟ್ಟಿ ಕೂತದ್ದರಿಂದ ಕರೆಂಟು ಮನಸ್ಸು ಬಂದಾಗ ಬಂದು ಹೋಗುತ್ತದೆ. ನಾಲ್ಕು ಜನ ಸೇರಿದ ಕಡೆ ತೆಲಂಗಾಣದ ಮಾತು, ಎಂಟು ಜನ ಸೇರಿದರೆ ಮೆರವಣಿಗೆ. ತೊಗರಿ ಖರೀದಿಯ ಅಂಗಡಿಗಳು ಕೂಡ ಮುಚ್ಚಿವೆ, ನಮ್ಮ ಸೈಕಲ್ ಅಂಗಡಿ ಮಾತ್ರ ತೆರೆದಿದೆ. ಬಸ್ಸಿಲ್ಲದ ಊರಿನಲ್ಲಿ ಅಟ್ಟ ಸೇರಿದ್ದ ಸೈಕಲ್ಲುಗಳೆಲ್ಲ ಇಳಿದು ಬಂದು ಬಾಗಿಲಲ್ಲಿ ಸಾಲು ಹಚ್ಚಿವೆ. ಹೋರಾಟದಲ್ಲಿ ದುಡಿದುಕೊಂಡವನು ದೇವಿದಾಸ ಒಬ್ಬನೇ ಎಂದು ಯಾರಾದರೂ ಅಂದಾರು ಎಂದು ಬಾಗಿಲಿಗೆ ಒಂದು ಗುಲಾಬಿ ಬಾವುಟ ಕಟ್ಟಿದ್ದೇನೆ. ತೆಲಂಗಾಣ ನನಗೂ ಬೇಕು, ಆ ಮಾತು ಬೇರೆ.

ತಾಂಡೂರಿನ ಶಿವಕಾಂತಾ ನಿನಗೆ ನೆನಪಿರಬೇಕು. ಕಲ್ಲು ಪಾಲಿಶ್ ಮಾಡುವವರ ಮನೆಯ ಮಗಳು, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಬೇಸಿಗೆಯಲ್ಲಿ ಬಂದಾಗ ನಿನ್ನ ಕೈಯ ಪುಂಡಿಪಲ್ಲೆ ಎರಡು ಸಲ ಹಾಕಿಸಿಕೊಂಡು ಉಂಡಳು. ಅವಳ ಹತ್ತಿರ ಪರದೇಶದ ಸೈಕಲ್ಲೊಂದಿತ್ತು, ಅದೇನೋ ಕಾರ್ಬನ್ ಅನ್ನುವ ಕಪ್ಪು ನಾರಿನದು, ಒಂದೇ ಬೆರಳಿನಲ್ಲಿ ಎತ್ತಬಹುದು. ಅಂಗಳದಲ್ಲಿ ಒರಗಿಸಿದ್ದ ಹಾಸುಗಲ್ಲು ಜಾರಿ ಅದಕ್ಕೆ ತಾಗಿತು. ಕೂದಲೆಳೆಯಷ್ಟು ಬಿರುಕು. ಅದನ್ನು ರಿಪೇರಿ ಮಾಡುವವರು ಅವಳಿಗೆ ಹೈದರಾಬಾದಿನಲ್ಲೂ ಸಿಗಲಿಲ್ಲ. ಅಷ್ಟು ದುಡ್ಡಿನ ವಸ್ತುವನ್ನು ಈಗ ಗೋಡೆಗೆ ನೇತುಹಾಕಿದ್ದಾಳೆ, ಮುಂದೆ ಊದುಬತ್ತಿ ಹಚ್ಚುವುದೊಂದು ಬಾಕಿ. ಅವತ್ತು ನಮ್ಮ ಅಂಗಡಿಯಲ್ಲಿ ನನ್ನ ಸೈಕಲ್ಲನ್ನು ಎತ್ತಿ ನೋಡಿದಳು, ಉಗುರಿನಿಂದ ಬಡಿದು ಕಿವಿಗೊಟ್ಟು ಕೇಳಿದಳು. "ನನಗ ಇಂಥಾದ್ದೇ ಒಂದು ಮಾಡಿಕೊಡ್ರಿ. ಬಿದ್ದರ ತಿರುಗಿ ಏಳೋ ಅಂಥಾದ್ದು" ಅಂದಳು.

ನನ್ನ ಸೈಕಲ್ಲಿನ ಕಥೆ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅಪ್ಪನ ಕರಿ ಸೈಕಲ್ಲಿನ ಕೊಳವೆ ಕೊಯ್ದು ನಾನು ಬಾಗಿದ ಹ್ಯಾಂಡಲ್ಲಿನ ರೇಸ್ ಸೈಕಲ್ಲು ಕಟ್ಟುತ್ತೇನೆ ಎಂದಾಗ ನೀನು ಎರಡು ದಿನ ಮಾತಾಡಿರಲಿಲ್ಲ. ಸಿರ್ಗಾಪುರದ ಸಂತೆಗೆ ಅಪ್ಪ ನಿನ್ನನ್ನು ಅದರ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಆಗ ನಮ್ಮ ಕೇರಿಯವರು ಸೈಕಲ್ ಹತ್ತಿ ಊರ ನಡುವಿನಿಂದ ಹೋದರೆ ಇಳಿ ಅನ್ನುವ ಜನ ಇದ್ದರು. ನಮ್ಮಪ್ಪ ಪೋಚಪ್ಪ ಇಳಿಯಲಿಲ್ಲ. ಆ ಕೊಳವೆ ಈಗಲೂ ನನ್ನ ಕಾಲ ನಡುವೆ ಇದೆ. ಎಷ್ಟು ಸಲ ಬಿದ್ದಿದೆ, ಎಷ್ಟು ಕಡೆ ಬೆಸೆದಿದ್ದೇನೆ, ಇನ್ನೂ ಹಾಡುತ್ತದೆ. ಶಿವಕಾಂತಾಳಂಥವರು ಉಕ್ಕಿಗೆ ಮನಸೋಲುವುದು ಇದಕ್ಕೇ. ತೂಕ ಒಂದಿಷ್ಟು ಹೆಚ್ಚು, ನಿಜ. ಆದರೆ ಬಾಗಿದರೆ ನೆಟ್ಟಗೆ ಮಾಡಬಹುದು, ಒಡೆದರೆ ಕೂಡಿಸಬಹುದು, ಕಮ್ಮಾರನ ಕುಲುಮೆ ಇರುವ ಯಾವ ಹಳ್ಳಿಯಲ್ಲೂ ಅದು ಪರದೇಶಿ ಅಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಉಕ್ಕು ಮುರಿಯುವ ಮುಂಚೆ ಹೇಳುತ್ತದೆ. ಕಿರ್ ಅನ್ನುತ್ತದೆ, ಬಾಗುತ್ತದೆ, ಬಣ್ಣ ಸೀಳುತ್ತದೆ. ಹೇಳದೆ ಮುರಿಯುವುದು ಒಂದೇ ಒಂದು, ಸರಿಯಾಗಿ ಕೂಡದ ಬೆಸುಗೆ. ಅದನ್ನು ನಮ್ಮ ಅಂಗಡಿಯಲ್ಲಿ ಪಚ್ಚಿ ಅನ್ನುತ್ತೇವೆ, ತೆಲುಗಿನವರು ಬೇಯದ ಕಾಳಿಗೆ ಅನ್ನುವ ಹಾಗೆ. ಈ ಪಚ್ಚಿ ಅನ್ನುವ ಮಾತನ್ನು ನೆನಪಿಟ್ಟುಕೋ, ನನ್ನ ಜೀವ ತಿಂದದ್ದು ಅದೇ.

ಮುಂದಿನ ಗಾಲಿಯನ್ನು ಎರಡೂ ಕಡೆಯಿಂದ ಹಿಡಿಯುವ ಕವಲಿಗೆ ನಾವು ಚಿಮಟಾ ಅನ್ನುವುದು ನಿನಗೆ ಗೊತ್ತು. ಸವಾರನ ಹಲ್ಲು, ಮೂಗು, ಕುತ್ತಿಗೆ ಎಲ್ಲ ಅದರ ಮೇಲೆ ನಿಂತಿರುತ್ತವೆ. ಶಿವಕಾಂತಾಳ ಸೈಕಲ್ಲಿಗೆ ನಾನು ಮೊದಲು ಬೆಸೆದ ಚಿಮಟಾ ಪಚ್ಚಿಯಾಯಿತು. ಉಕ್ಕು ಹದವಾಗಿ ಕೆಂಪಾದಾಗ ಹಿತ್ತಾಳೆ ಕರಗಿ, ಹತ್ತಿ ಬಟ್ಟೆ ನೀರು ಕುಡಿದ ಹಾಗೆ ಸಂದಿಯೊಳಗೆ ಇಳಿಯಬೇಕು. ಇದು ಅಂಚಿನಲ್ಲೇ ಕೂತುಬಿಟ್ಟಿತ್ತು. ಹೊರಗೆ ಭರ್ತಿ, ಒಳಗೆ ಪೊಳ್ಳು. ಬಡಿದು ನೋಡಿದೆ, ಠಣ್ ಅನ್ನುವ ಬದಲು ಠಪ್ ಅಂತು. ಕರೆಂಟು ಕೈಕೊಟ್ಟು ಕತ್ತಲಾಗಿತ್ತು, ಅದಕ್ಕೇ ಹೀಗಾಯಿತು ಎಂದು ಅದಕ್ಕೊಂದು ಕರಿದಾರ ಕಟ್ಟಿ ಬದಿಗಿಟ್ಟು, ಇನ್ನೊಂದು ಬೆಸೆದೆ. ಅದು ಠಣ್ ಅಂತು. ಬಣ್ಣಕ್ಕೆಂದು ಜಹೀರಾಬಾದಿನ ನಾಮದೇವನಿಗೆ ಕಳಿಸುವಾಗ ಫ್ರೇಮಿನ ಜೊತೆ ಎರಡೂ ಚಿಮಟಾ ಒಂದೇ ಚೀಲ ಸೇರಿದವು. ದಾರ ಕಾಣಲಿಲ್ಲ. ಕತ್ತಲು ಅಂದೆನಲ್ಲ.

ನಾಮದೇವ ಗೋಡೆ ಬರೆಯುವವನು. ಯಾವ ಪಾರ್ಟಿ ದುಡ್ಡು ಕೊಟ್ಟರೆ ಆ ಪಾರ್ಟಿಯ ಗುರುತು ಬರೆಯುತ್ತಾನೆ, ಆ ವಿಷಯದಲ್ಲಿ ಅವನಷ್ಟು ಸಮದರ್ಶಿ ಯಾರೂ ಇಲ್ಲ. ಅವನು ಫೋನು ಮಾಡಿ, "ಫ್ರೇಮಿಗಿ ಯಾ ಬಣ್ಣ ಅಂತ ಆಮ್ಯಾಲ ಹೇಳ್ತೀನಿ ಅಂದಿದ್ದಿ. ಚಿಮಟಾ ನೋಡಿದ್ರ ಎರಡು ಬಂದಾವ" ಅಂದ. "ದಾರ ಕಟ್ಟಿದ್ದು ಪಚ್ಚಿ ಅದ. ಒಂದಕ್ಕೇ ಬಣ್ಣ ಸಾಕು" ಅಂದೆ. ಆತು ಅಂದ, ಇಟ್ಟ. ಎರಡೂ ಕಡೆ ವ್ಯವಹಾರ ಮುಗಿಯಿತು. ಆದರೆ ಅಕ್ಕಾ, ನಾಮದೇವನಿಗೆ ಕುಂಚ ಹಿಡಿಯುವುದು ಕಲಿಸಿದವನು ಸಮುದ್ರದ ಕಡೆಯ ತೆಲುಗಿನವನು, ಅವನ ಬಾಯಲ್ಲಿ ಪಚ್ಚ ಅಂದರೆ ಹಳದಿ. ನಾನು ಬೇಯದ್ದು ಅಂದದ್ದು ನಾಮದೇವನ ಕಿವಿಯಲ್ಲಿ ಬಣ್ಣವಾಯಿತು. ದಾರ ಕಟ್ಟಿದ್ದಕ್ಕೆ ಹಳದಿ ಬಳಿದ, ಜೋಡಿ ಒಪ್ಪಲಿ ಎಂದು ಫ್ರೇಮಿಗೂ ಹಳದಿ ಬಳಿದ, ದಾರ ಕಿತ್ತು ಎಸೆದ, ಗಟ್ಟಿ ಚಿಮಟಾವನ್ನು ಬರಿಮೈಯಲ್ಲಿ ವಾಪಸ್ಸು ಕಳಿಸಿದ.

ಹಳದಿ ನೋಡಿ ನನಗೆ ಸಿಟ್ಟು ಬಂತು. ಈಗಿನ ದಿನದಲ್ಲಿ ಹಳದಿ ಎಂದರೆ ಸೈಕಲ್ ಗುರುತಿನ ಪಾರ್ಟಿಯ ಬಣ್ಣ. ಆ ಪಾರ್ಟಿ ನಮ್ಮ ಕಡೆಯೋ ಆ ಕಡೆಯೋ ಬಾಯಿಬಿಟ್ಟು ಹೇಳುತ್ತಿಲ್ಲ ಎಂದು ಹೋರಾಟದವರಿಗೆ ಅದರ ಮೇಲೆ ಕೋಪ. ಅವರ ಗೋಡೆ ಬರೆಯುವ ಕೆಲಸ ನಿಂತು ನಾಮದೇವನ ಮನೆಯಲ್ಲಿ ಹಳದಿ ಡಬ್ಬಿಗಳು ಉಳಿದಿದ್ದವು ಎಂಬುದು ನನಗೆ ಗೊತ್ತಿತ್ತು. "ಯಾಕೋ ಹಳದಿ?" ಎಂದು ಫೋನಿನಲ್ಲಿ ಕೇಳಿದೆ. "ನೀನೇ ಅಂದೀಯಲ್ಲೋ, ಮರ್ತಿಯೇನು" ಅಂದ, ಅಷ್ಟರಲ್ಲಿ ಲೈನು ಕಡಿಯಿತು. ಉಳಿದ ಬಣ್ಣ ನನಗೆ ಸಾಗಹಾಕಿ ಸುಳ್ಳು ಬೇರೆ ಹೇಳುತ್ತಾನೆ ಎಂದುಕೊಂಡೆ. ನನ್ನ ಲೆಕ್ಕದ ಬುದ್ಧಿ ಅಲ್ಲಿಗೇ ನಿಂತಿತು ನೋಡು. ಕಳ್ಳತನ ಹಿಡಿದೆ ಎಂಬ ಸಂತೋಷದಲ್ಲಿ ಮುಂದಿನ ಪ್ರಶ್ನೆ ಕೇಳಲಿಲ್ಲ. ಬಣ್ಣ ಹಚ್ಚಿದ್ದು ಗಟ್ಟಿ, ಹಚ್ಚದ್ದು ಪಚ್ಚಿ ಎಂದು, ಬಡಿದೂ ನೋಡದೆ, ಹಳದಿ ಚಿಮಟಾವನ್ನೇ ಜೋಡಿಸಿದೆ.

ಶುಕ್ರವಾರ ಗೌತಮಿ ಹೊರಟಳು. ದಸರೆಯೊಳಗೆ ಸೈಕಲ್ಲು ಬೇಕೆಂದು ಶಿವಕಾಂತಾ ಕೇಳಿದ್ದಳು, ಹೈದರಾಬಾದಿನ ಅವಳ ಗೆಳತಿಯರು ನೋಡಲು ಬರುವವರಿದ್ದರು. ಬಸ್ಸಿಲ್ಲ, ಲಾರಿಯಿಲ್ಲ. ಮಾಲು ತನ್ನ ಕಾಲ ಮೇಲೆ ತಾನೇ ಹೋಗಿ ಮುಟ್ಟುವ ವ್ಯಾಪಾರ ಇದೊಂದೇ. ಅಳತೆ ಶಿವಕಾಂತಾಳದು, ನನ್ನ ಕಾಲು ಪೆಡಲಿಗೆ ಮುಟ್ಟುವುದಿಲ್ಲ. ಗೌತಮಿಗೆ ಹೊಲಿಸಿದ ಅಂಗಿಯ ಹಾಗೆ ಕೂರುತ್ತಿತ್ತು. ನಾನು ಬೇಡ ಅಂದೆ, ಅಂದೆನೆಂದು ದಯವಿಟ್ಟು ನಂಬು. "ಮಾಮಾ, ಇದರ ಸಂದಿ ಎಲ್ಲಾ ಅರ ಹಿಡದು ನಾನೇ ಕೂಡ್ಸೀನಿ, ಗಾಲಿ ನಾನೇ ಕಟ್ಟೀನಿ. ಓಡ್ಸೋದು ಮತ್ತೊಬ್ಬರೇನು?" ಅಂದಳು. ರೊಟ್ಟಿ ಕಟ್ಟಿಕೊಂಡು ಬೆಳಗಾಗುತ್ತಲೇ ಹೋದಳು. ಅವಳ ಫೋನು ಇಲ್ಲೇ ಚಾರ್ಜಿಗೆ ಬಿದ್ದಿತ್ತು, ಸತ್ತದ್ದು, ಕರೆಂಟು ಬರಲಿ ಎಂದು ಕಾಯುತ್ತ.

ಅವಳು ಹೋದ ಮೇಲೆ ಖಾಲಿ ಕೂರುವುದೇಕೆ ಎಂದು, ಆ ಬರಿಮೈಯ ಚಿಮಟಾವನ್ನು ತಿರುಗಿ ಬೆಸೆದು ಇಡೋಣ ಎಂದು ಕೈಗೆತ್ತಿಕೊಂಡೆ. ಎತ್ತುವಾಗ ಕಲ್ಲಿನ ಕಟ್ಟೆಗೆ ತಾಗಿತು. ಠಣ್ ಅಂತು. ಇನ್ನೊಮ್ಮೆ ಬಡಿದೆ. ಠಣ್. ಹೆಬ್ಬೆರಳಿನಿಂದ ಸಂದಿಯ ಸುತ್ತ ತಡವಿದೆ, ಹಿತ್ತಾಳೆ ಸುತ್ತಲೂ ತುಂಬಿ ಒಳಗೆ ಇಳಿದಿತ್ತು. ಆಗ ನಾಮದೇವನ ಮಾತು ಕಿವಿಯಲ್ಲಿ ಬಂದು ನಿಂತಿತು, ನೀನೇ ಅಂದೀಯಲ್ಲೋ. ನಾನೇನು ಅಂದಿದ್ದೆ? ಪಚ್ಚಿ. ಗೌತಮಿ ಪೊಳ್ಳು ಬೆಸುಗೆಯ ಮೇಲೆ ಕೂತು ಇಳಿಜಾರಿನ ರಸ್ತೆಗೆ ಹೋಗಿದ್ದಾಳೆ ಎಂದು ನನ್ನ ಬಾಯಿ ನನಗೇ ಹೇಳುತ್ತಿತ್ತು.

ಆ ಗಟ್ಟಿ ಚಿಮಟಾವನ್ನು ಬೆನ್ನಿಗೆ ಕಟ್ಟಿಕೊಂಡು ಅಪ್ಪನ ಕೊಳವೆಯ ಮೇಲೆ ಕೂತೆ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ನೆನಪಿಲ್ಲ. ಮನೂರಿನ ತಿರುವು ದಾಟುವುದರಲ್ಲಿ ಎಡಗಾಲಿನ ಚಪ್ಪಲಿ ಹೋಯಿತು, ನಿಲ್ಲಲಿಲ್ಲ. ಹೆದರಿಕೆಗೆ ಒಂದು ಕೆಟ್ಟ ಬುದ್ಧಿ ಇದೆ ಅಕ್ಕಾ, ಅದು ಸುಮ್ಮನೆ ಇರುವುದಿಲ್ಲ, ಚಿತ್ರ ಬರೆಯುತ್ತದೆ. ರಸ್ತೆಯಲ್ಲಿ ಒಂದು ಗೋಣಿಚೀಲ ಬಿದ್ದಿದ್ದರೆ ಅದು ಅವಳೇ. ಜೋಳದ ಹೊಲದ ಅಂಚಿನಲ್ಲಿ ಹಳದಿ ಸೀರೆ ಒಣಗಹಾಕಿದ್ದರೆ ಅದು ಸೈಕಲ್ಲು. ತಗ್ಗು ಬಂದಲ್ಲೆಲ್ಲ ಇಲ್ಲಿ ಮುರಿದಿರುತ್ತದೆ ಎಂದು ಕಣ್ಣು ಮುಚ್ಚಿ ತೆರೆಯುತ್ತಿದ್ದೆ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಮುದುಕನನ್ನು ಹಳದಿ ಸೈಕಲ್ಲಿನ ಹುಡುಗಿ ಹೋದಳೇ ಎಂದು ಕೇಳಿದೆ. "ಹೋಗ್ಯಾಳ ಹೋಗ್ಯಾಳ. ಹ್ಯಾಂಗ ಹೋಗ್ಯಾಳಂದ್ರ ನನ್ನ ಎಮ್ಮಿ ಹಾಲು ಬಿಡ್ತದೋ ಇಲ್ಲೋ ಗೊತ್ತಿಲ್ಲ" ಎಂದು ಬೈದ. ಅಷ್ಟು ವೇಗದಲ್ಲಿ ಹೋಗಿದ್ದಾಳೆ ಎಂದು ಕೇಳಿ ಇನ್ನಷ್ಟು ಜೋರಾಗಿ ತುಳಿದೆ. ನಿನಗೆ ಯಾವ ಮುಖ ತೋರಿಸಲಿ ಎಂದು ಅತ್ತೆ. ಒಂದು ಕಾಲಿಗೆ ಚಪ್ಪಲಿಯಿಲ್ಲದೆ, ಬೆನ್ನ ಮೇಲೆ ಕಬ್ಬಿಣದ ಕವಲು ಕಟ್ಟಿಕೊಂಡು, ಅಳುತ್ತ ಸೈಕಲ್ ಹೊಡೆಯುವ ಮನುಷ್ಯನನ್ನು ನೋಡಿ ದಾರಿಯವರು ಇದೂ ಹೋರಾಟದ ಒಂದು ರೀತಿ ಇರಬೇಕೆಂದು ಜೈ ತೆಲಂಗಾಣ ಅಂದರು. ನಾನೂ ಅಂದೆ.

ಜಹೀರಾಬಾದಿನ ಹೆದ್ದಾರಿಯಲ್ಲಿ ಅವತ್ತು ವಂಟಾವಾರ್ಪು. ರಸ್ತೆಯ ನಡುವೆಯೇ ಕಲ್ಲು ಹೂಡಿ ಒಲೆ ಹಚ್ಚಿ, ಅಡಿಗೆ ಮಾಡಿ, ಅಲ್ಲೇ ಸಾಲಾಗಿ ಕೂತು ಉಣ್ಣುವುದು. ದೂರದಿಂದಲೇ ಹೊಗೆ, ಗುಲಾಬಿ ಬಾವುಟ, ಗುಂಪಿನ ನಡುವೆ ಒಂದು ಹಳದಿ ಚುಕ್ಕೆ ಕಂಡವು. ಗುಂಪು ಸೈಕಲ್ಲನ್ನು ಹಿಡಿದಿತ್ತು. ಬಂದ್ ದಿನ ಹಳದಿ ಸೈಕಲ್ ಏರಿ ಒಬ್ಬಳು ಹೊರಟಿದ್ದಾಳೆ ಎಂದರೆ ಆ ಪಾರ್ಟಿಯ ಪ್ರಚಾರಕ್ಕೇ ಎಂದು ಅವರ ಲೆಕ್ಕ. ಒಂದು ತಾಸಿನಿಂದ ಗೌತಮಿ ಅಲ್ಲೇ ಕೂತು ಅವರ ಉಳ್ಳಾಗಡ್ಡಿ ಹೆಚ್ಚಿಕೊಡುತ್ತ ವಾದ ಮಾಡಿದ್ದಳು. ನಾನು ಮುಟ್ಟಿದಾಗ ಅವಳು ಗೆದ್ದಿದ್ದಳು. ಮುಂದಾಳು ವೈಜಿನಾಥ ಮಾಸ್ತರ್ ತಾನೇ ಕಲ್ಲು ಸರಿಸಿ ದಾರಿ ಮಾಡುತ್ತಿದ್ದ, ಅವಳು ಸೀಟಿನ ಮೇಲೆ ಕೂತು ಒಂದು ಕಾಲು ಪೆಡಲಿಗೆ ಇಟ್ಟಿದ್ದಳು. ಆಚೆಗೆ ತಾಂಡೂರಿನ ದಾರಿ, ದೊಡ್ಡ ಇಳಿಜಾರು ಇನ್ನೂ ಮುಂದೆಯೇ ಇತ್ತು. "ಬಿಡಬ್ಯಾಡ್ರಿ, ಆಕಿನ್ನ ಹಿಡೀರಿ" ಎಂದು ಕೂಗಿದೆ. ಗಂಟಲು ಹೋದದ್ದು ಅಲ್ಲಿ. ಮಾಸ್ತರ್ ಕೈಯಲ್ಲಿನ ಕಲ್ಲು ಹಾಗೇ ಹಿಡಿದು, "ಯಾರಪ್ಪಾ ಇಂವ? ತಾಸು ಆತು, ಆಕಿ ಬಿಡ್ರಿ ಬಿಡ್ರಿ ಅಂತಾಳ, ಇಂವ ಬಂದು ಹಿಡೀರಿ ಅಂತಾನ" ಅಂದ.

ಓಡಿ ಹೋಗಿ ಮುಂದಿನ ಗಾಲಿ ತಬ್ಬಿಕೊಂಡೆ. ದಾರಿಯುದ್ದಕ್ಕೂ ಒಂದು ಸುಳ್ಳು ತಯಾರು ಮಾಡಿಟ್ಟುಕೊಂಡಿದ್ದೆ: ನಿಮ್ಮವ್ವನ ಫೋನು ಬಂದಿತ್ತು, ಕೂಸಿಗೆ ಜ್ವರ, ಮನೆಗೆ ನಡಿ. ಒಳ್ಳೆಯ ಸುಳ್ಳೇ. ಆದರೆ ಗೌತಮಿ ಸೈಕಲ್ ಮುಟ್ಟಿಸದೆ ತಿರುಗುವವಳಲ್ಲ, ಮುಟ್ಟಿಸಿ ಆಮೇಲೆ ಬರ್ತೀನಿ ಅನ್ನುವವಳು. ಸುತ್ತ ನಿಂತವರಲ್ಲಿ ಸಂತೆಯ ದಿನ ನಮ್ಮ ಅಂಗಡಿಗೆ ಬರುವ ಮುಖಗಳು ಎಷ್ಟೋ ಇದ್ದವು. ಬೆಸುಗೆಗೆ ದೇವಿದಾಸ ಎಂಬ ಹೆಸರನ್ನು ನಾನು ಯಾರಿಂದಲೂ ಪಡೆದದ್ದಲ್ಲ, ಒಂದೊಂದು ಸಂದಿಯಾಗಿ ಕಟ್ಟಿದ್ದು. ಅದು ಅಲ್ಲೇ ಆ ಒಲೆಗೆ ಬೀಳುತ್ತದೆ ಎಂದು ಗೊತ್ತಿದ್ದೇ ಅಂದೆ, "ಇಳಿಯವ್ವಾ. ನಾ ಮಾಡಿದ ಬೆಸುಗಿ ಪಚ್ಚಿ ಅದ." ಹಿಂದಿನಿಂದ ಯಾರೋ, "ಪಚ್ಚನೇ ಅದಲ್ಲೋ ಮಾರಾಯಾ, ನಮಗ ಕಾಣ್ಸಂಗಿಲ್ಲೇನು" ಅಂದ. ಗುಂಪು ಬಿದ್ದು ಬಿದ್ದು ನಕ್ಕಿತು. ನಾಮದೇವ ಮಾಡಿದ ತಪ್ಪನ್ನೇ ಆ ಪುಣ್ಯಾತ್ಮನೂ ಮಾಡಿದ.

ಗೌತಮಿ ನಗಲಿಲ್ಲ. ಇಳಿದಳು, ಸೈಕಲ್ಲನ್ನು ತಲೆಕೆಳಗು ಮಾಡಿ ಗಾಲಿ ಬಿಚ್ಚಿದಳು, ನಟ್ಟು ಬಿಚ್ಚುವ ಪಾನಾದಿಂದ ಬಡಿದಳು. ಠಪ್. ಎರಡೂ ಕಾಲು ಹಿಡಿದು ಹಿಂಡಿದಳು. ತಲೆಯ ಹತ್ತಿರ ಹಳದಿ ಬಣ್ಣದಲ್ಲಿ ಒಂದು ಗೆರೆ ಬಿತ್ತು, ಬಾಯಿ ತೆರೆದ ಹಾಗೆ. ಎಲ್ಲರಿಗೂ ಕಂಡಿತು. ನನ್ನ ಬೆನ್ನ ಮೇಲಿನದಕ್ಕೆ ಕೈ ಚಾಚಿದಳು.

ಬೆನ್ನ ಮೇಲಿನ ಗಟ್ಟಿ ಚಿಮಟಾ ಬಿಚ್ಚಿ ಕೊಟ್ಟೆ. ಅಲ್ಲೇ ಇನ್ನೊಂದು ಪೆಟ್ಟು ಕಾದಿತ್ತು: ನಾನು ಬಿದ್ದೆದ್ದು ಬರುವಾಗ ಎಲ್ಲೋ ಅದರ ತುದಿ ಕಲ್ಲಿಗೆ ಬಡಿದು ಗಾಲಿ ಕೂರುವ ಕೊಂಡಿ ಬಾಗಿ ಸೀಳಿತ್ತು. ನೋಡುತ್ತ ನಿಂತಿದ್ದ ಭೂದೇವಿ ಎಂಬಾಕೆ ಖಿಚಡಿಯ ಸೌಟು ಮತ್ತೊಬ್ಬಳ ಕೈಗೆ ಕೊಟ್ಟು, "ನಮ್ಮದು ಕಮ್ಮಾರ ಸಾಲಿ. ಹಿಂದೇ ಅದ ಕುಲುಮಿ. ಬಂದ್ ಅದ ಖರೆ, ಮಾಸ್ತರ ಹೂಂ ಅಂದ್ರ ಹಚ್ತೀನಿ" ಅಂದಳು. ಮಾಸ್ತರ್ ಗಂಭೀರವಾಗಿ ಯೋಚನೆ ಮಾಡಿ, "ಹಳದಿ ಕಿತ್ತು ಒಗ್ಯಾಕ ಅಂದ್ರ ಅಡ್ಡಿ ಇಲ್ಲ" ಅಂದ. ಬೇವಿನ ಮರದ ಕೆಳಗೆ ಕುಲುಮೆ ಹತ್ತಿತು. ಭೂದೇವಿ ತಿದಿ ಒತ್ತಿದಳು, ಅವಳ ಮನೆಯ ಹಿತ್ತಾಳೆ ಚೂರು, ಅವಳದೇ ಬಿಳಿಗಾರ. ಗಟ್ಟಿ ಚಿಮಟಾದ ಕೊಂಡಿ ನೆಟ್ಟಗೆ ಮಾಡಿ ಕೂಡಿಸಬೇಕು, ಅಷ್ಟೇ ಕೆಲಸ. ಇಕ್ಕಳ ಹಿಡಿದವನು ನಾನು. ಹೊಗೆ ಕಣ್ಣಿಗೆ ಬಂತು. ಗೌತಮಿ ನನ್ನ ಭುಜಕ್ಕೆ ಭುಜ ಹಚ್ಚಿ ಕೂತು, "ಇನ್ನೂ ಇಲ್ಲ. ಇನ್ನೂ ಇಲ್ಲ ಮಾಮಾ. ಹಾಂ, ಈಗ" ಅಂದಳು. ಅವಳು ಈಗ ಅಂದಾಗ ನಾನು ಹಿತ್ತಾಳೆ ಮುಟ್ಟಿಸಿದೆ. ಆರಿದ ಮೇಲೆ ಬಡಿದೆವು. ಠಣ್ ಅಂತು. ಭೂದೇವಿ ಕೂಲಿ ಬೇಡ ಅಂದಳು, ಗೌತಮಿ ರೊಟ್ಟಿಯ ಗಂಟನ್ನು ಬಟ್ಟೆ ಸಮೇತ ಅವಳ ಉಡಿಗೆ ಹಾಕಿದಳು. ನಾನು ಆ ಸೈಕಲ್ಲನ್ನು ನಿಂತೇ ಓಡಿಸಿ, ಬ್ರೇಕು ಹಿಡಿದು, ತಗ್ಗಿಗೆ ಬಿಟ್ಟು ನೋಡಿದೆ. ಹಳದಿ ಫ್ರೇಮಿಗೆ ಗುಲಾಬಿ ಬಟ್ಟೆ ಸುತ್ತಿ ಹೋರಾಟದವರೇ ಬೀಳ್ಕೊಟ್ಟರು. ಅವರು ಅವಳನ್ನು ತಡೆಯದಿದ್ದರೆ, ತಡೆಯಲು ಬಣ್ಣ ಹಳದಿ ಆಗಿರದಿದ್ದರೆ, ಎಂದು ಈಗಲೂ ಯೋಚಿಸುತ್ತಿರುತ್ತೇನೆ. ಪಚ್ಚಿ ಅನ್ನುವ ಆ ಒಂದು ಮಾತು ಅವಳನ್ನು ಪೊಳ್ಳಿನ ಮೇಲೆ ಕೂರಿಸಿತು, ಅದೇ ಮಾತು ರಸ್ತೆಯ ನಡುವೆ ಇಳಿಸಿತು.

ತಾಂಡೂರಿನವರೆಗೂ ಅವಳ ಹಿಂದೆ ನಾನು. ಶಿವಕಾಂತಾಳಿಗೆ ಎಲ್ಲ ಹೇಳಿದೆ, ಒಂದೂ ಬಚ್ಚಿಡಲಿಲ್ಲ. ಅವಳು ಉಗುರಿನಿಂದ ಬಡಿದು ಕೇಳಿದಳು. ಕುಲುಮೆಯ ಮಸಿ ಹಿಡಿದ ಚಿಮಟಾಕ್ಕೆ ಬಣ್ಣ ಹಚ್ಚಿ ಕಳಿಸುತ್ತೇನೆ ಅಂದರೆ, "ಇರ್ಲಿ ಬಿಡ್ರಿ. ಎಲ್ಲಿ ಕೂಡ್ತು ಅಂತ ನನಗ ಕಾಣ್ಸಬೇಕು" ಅಂದಳು. ಅವಳ ಗೆಳತಿಯರು ನೋಡಿದರು, ಇನ್ನು ಎರಡು ಸೈಕಲ್ಲು ಬೇಕೆಂದಿದ್ದಾರೆ. ಹೆಸರು ಒಲೆಗೆ ಬಿತ್ತು ಅಂದುಕೊಂಡಿದ್ದೆ, ಬಿದ್ದದ್ದು ನನ್ನ ಧೈರ್ಯ ಮಾತ್ರ. ಶಿವಕಾಂತಾಳ ಅಣ್ಣ ವೀರಭದ್ರ ನಮ್ಮಿಬ್ಬರನ್ನೂ ಅಪ್ಪನ ಸೈಕಲ್ಲನ್ನೂ ಜೀಪಿಗೆ ಹಾಕಿಕೊಂಡು, ಮುಂದೆ ಗುಲಾಬಿ ಬಟ್ಟೆ ಕಟ್ಟಿ, ಊರಿಗೆ ಬಿಟ್ಟುಹೋದ.

ಸ್ವರೂಪಾಳಿಗೂ ಅವಳ ಮನೆಯವರಿಗೂ ನನ್ನ ಜಯಭೀಮ್ ಹೇಳು. ಕೂಸಿನ ಅಗಲ ಕಿವಿಗೆ ನನ್ನ ಮುತ್ತು. ನೀನು ಮೊಣಕಾಲಿಗೆ ಎಣ್ಣೆ ತಿಕ್ಕುವುದು ಬಿಡಬೇಡ. ದಸರೆಯ ದಿನ, ಅದು ನಮ್ಮ ಧಮ್ಮದೀಕ್ಷೆಯ ದಿನವೂ ಹೌದು, ಬಿಳಿ ಬಟ್ಟೆ ಉಟ್ಟು ಅಪ್ಪನ ಹೆಸರಿನಲ್ಲಿ ಒಂದು ಮೇಣದ ಬತ್ತಿ ಹಚ್ಚು, ಇಲ್ಲಿ ನಾವೂ ಹಚ್ಚುತ್ತೇವೆ.

ನಿನ್ನ ತಮ್ಮ,
ದೇವಿದಾಸ

ತಾ.ಕ.: ಜೀಪಿನವನು ಹಾರ್ನು ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲೆ ಕರೆಂಟಿರಲಿಲ್ಲ, ಕತ್ತಲಿತ್ತು ಎಂದು ಬರೆದ ಕಡೆಯೆಲ್ಲ ಗೀಟು ಹಾಕು. ಆ ಚಿಮಟಾ ಬೆಸೆದದ್ದು ಹಗಲು, ದೀಪವೂ ಉರಿಯುತ್ತಿತ್ತು. ಈ ಪತ್ರವೂ ಹಗಲಿನದೇ. ಉಕ್ಕು ಯಾವಾಗ ಹದವಾಗಿ ಕೆಂಪಾಯಿತು ಎಂದು ನನಗೆ ಕಾಣಲಿಲ್ಲ ಅಕ್ಕಾ. ನೋಡುವ ಕಡೆಯೇ ನಡುವೆ ಒಂದು ಮಬ್ಬು ಬಂದು ಕೂರುತ್ತದೆ. ಕರಿದಾರ ಕಾಣದ್ದೂ ಅದಕ್ಕೇ. ಎರಡನೆಯದು ಗಟ್ಟಿಯಾದದ್ದು ಹಳೆಯ ಕೈಯ ರೂಢಿಯಿಂದ ಇರಬೇಕು, ಪುಣ್ಯ. ದವಾಖಾನೆಗೆ ಹೋಗಿಲ್ಲ, ಏನು ಹೇಳುತ್ತಾರೋ ಎಂದು ಹೆದರಿಕೆ. ಗೌತಮಿಗೆ ಕುಲುಮೆಯ ಮುಂದೆಯೇ ತಿಳಿದಿತ್ತು. ಜೀಪಿನಲ್ಲಿ ಒಂದೇ ಸಲ ಕೇಳಿದಳು, "ಮಾಮಾ, ಯಾ ಕಣ್ಣು?" ಎರಡೂ ಅಂದೆ. ದಸರೆಗೆ ಅವಳನ್ನು ಕಳಿಸು, ಉದಗೀರಿನ ಹುಡುಗನ ಕಡೆಯವರು ನೋಡಲು ಬರುತ್ತಾರೆ ಎಂದಿದ್ದೆಯಲ್ಲ. ಅವಳ ಮಾತು ಹಾಗೇ ಬರೆಯುತ್ತೇನೆ: "ಅವ್ವಗ ಹೇಳು, ಬರ್ತೀನಿ, ಕೂಸಿನ್ನ ನೋಡಾಕ. ಹುಡುಗನ್ನ ನೋಡಾಕ ಅಲ್ಲ. ಮೊದಲ ಮಾಮಾನ್ನ ಬೀದರಿನ ಕಣ್ಣಿನ ದವಾಖಾನಿಗಿ ಕರಕೊಂಡು ಹೋಗ್ತೀನಿ. ಆಮ್ಯಾಲ ಬೆಂಕಿ ನಾ ಹಿಡೀತೀನಿ." ಅವಳನ್ನು ಅಂಗಡಿಯಲ್ಲೇ ಉಳಿಯಲು ಬಿಡು, ಇದು ನನ್ನ ಸಲುವಾಗಿ ಕೇಳುತ್ತಿರುವುದಲ್ಲ ಎಂದು ಬರೆಯಲು ಹೊರಟಿದ್ದೆ. ಅದಕ್ಕೂ ನೀನು ಗೀಟು ಹಾಕಬೇಕಾಗುತ್ತಿತ್ತು.

ಯಾರಿಗೆ ಏನು ದಕ್ಕಿತು ಎಂದು ಕೇಳುತ್ತೀ. ನಾಮದೇವನಿಗೆ ಖಾಲಿ ಡಬ್ಬಿ. ವೈಜಿನಾಥ ಮಾಸ್ತರಿಗೆ ಭಾಷಣಕ್ಕೊಂದು ಕಥೆ. ಭೂದೇವಿಗೆ ನೀನು ಹೊಲಿದ ಬಟ್ಟೆ. ಶಿವಕಾಂತಾಳಿಗೆ ಕರಿ ಚಿಮಟಾದ ಹಳದಿ ಸೈಕಲ್ಲು. ಗೌತಮಿಗೆ ಬೆಂಕಿ. ನಿನಗೆ ಈ ಪತ್ರ. ನನಗೆ ಅವಳ ಕಣ್ಣು, ನೀನು ಹೂಂ ಅಂದರೆ.